ಒಂಬತ್ತು ತಲೆ ಉದ್ದದ ಹೆಂಗಸರು

ಕಳೆದ ತಿಂಗಳು ಫ್ರಾಂಕ್‌ಫರ್ಟಿನ ಮ್ಯೂಸಿಯಮ್ಮಿನಲ್ಲಿ ನನ್ನ ಮಗಳು ಒಂದು ಚಿತ್ರದ ಮುಂದೆ ಎರಡು ಕ್ಷಣ ನಿಂತು, ಇದನ್ನು ತಪ್ಪಾಗಿ ಬರೆದಿದ್ದಾರೆ ಎಂದು ಜರ್ಮನ್‌ನಲ್ಲಿ ಹೇಳಿ ಮುಂದೆ ನಡೆದಳು. ಅದು ಹಸಿರು ಉಡುಪು ತೊಟ್ಟು ನಿಂತ ಒಬ್ಬ ಸಂತಳ ಚಿತ್ರ. ತಲೆ ಚಿಕ್ಕದು, ಕುತ್ತಿಗೆ ಉದ್ದ, ಮೈ ಇನ್ನೂ ಉದ್ದ. ನಾನು ಮಗಳ ತೋಳು ಹಿಡಿದು ವಾಪಸು ಎಳೆದುಕೊಂಡು ಬಂದೆ. ಹದಿನಾರು ವರ್ಷದ ಹುಡುಗಿಯನ್ನು ನಾಲ್ಕು ಜನರ ಮುಂದೆ ಹಾಗೆ ಎಳೆಯಬಾರದು, ಗೊತ್ತು. ಆದರೆ ಆ ಸಂತಳ ಬಗ್ಗೆ ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಗಳಿಗೆ ಅಲ್ಲೇ ನಿಂತು ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು ಗ್ರೀನ್ ಕಾರ್ಡಿನ ಎರಡನೇ ವರ್ಷ. ಉಡುಪಿಯಲ್ಲಿ ನಮ್ಮ ನೆಂಟರೆಲ್ಲ ಗ್ರೀನ್ ಕಾರ್ಡ್ ಎಂದರೆ ಅಮೆರಿಕ ಎಂದೇ ತಿಳಿದಿದ್ದರು. ಕಂಪ್ಯೂಟರ್ ಜನರಿಗೆ ಜರ್ಮನಿಯವರೂ ಅದೇ ಹೆಸರಿನ ಪರವಾನಗಿ ಕೊಡಲು ಶುರುಮಾಡಿದ್ದಾರೆ ಎಂದು ವಿವರಿಸಿ ವಿವರಿಸಿ ನನ್ನ ಮಾವ ಸೋತಿದ್ದರು. ಕಾರ್ಡು ನನ್ನ ಗಂಡ ಸುಧಾಕರರದು, ಕೆಲಸ ಕಾರ್ಲ್ಸ್‌ರುಹೆಯಲ್ಲಿ. ನನ್ನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದು ಮುದ್ರೆ ಮಾತ್ರ: ಗಂಡನ ಜೊತೆ ಇರಬಹುದು, ಸಂಪಾದನೆಯ ಕೆಲಸ ಮಾಡುವಂತಿಲ್ಲ. ಊರಿನಲ್ಲಿ ಆರು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು ನಾನು. ಆ ಮುದ್ರೆಯನ್ನು ನೋಡಿದಾಗಲೆಲ್ಲ ಯಾರೋ ನನ್ನ ಎರಡೂ ಕೈಗಳನ್ನು ಮೇಜಿಗೆ ಅದುಮಿ ಹಿಡಿದಂತೆ ಅನ್ನಿಸುತ್ತಿತ್ತು.

ಔಸ್‌ಲ್ಯಾಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಯಲ್ಲಿ ಒಬ್ಬ ಹೆಂಗಸು, ಪಾಪ, ನನ್ನ ಮುಖ ನೋಡಿಯೇ ಇರಬೇಕು, ಒಂದು ದಾರಿ ಹೇಳಿಕೊಟ್ಟಳು. ಓದುವುದಕ್ಕೆ ಅಡ್ಡಿಯಿಲ್ಲ, ಯಾವುದಾದರೂ ಕಾಲೇಜಿನಿಂದ ಸೀಟು ಸಿಕ್ಕಿದ ಪತ್ರ ತನ್ನಿ, ನಿಮ್ಮ ಹೆಸರಿನಲ್ಲೇ ಬೇರೆ ಪರವಾನಗಿ ಆಗುತ್ತದೆ ಅಂದಳು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ರೈಲಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಊರಿನಲ್ಲಿ ಕಲಾ ಅಕಾಡೆಮಿ ಇತ್ತು. ಅದರ ಹೆಸರು ಇಲ್ಲಿ ಬೇಡ. ಏಪ್ರಿಲ್ ಒಳಗೆ ಇಪ್ಪತ್ತು ಚಿತ್ರಗಳ ಮಾಪೆ, ಅಂದರೆ ದಾರ ಕಟ್ಟುವ ದೊಡ್ಡ ಕಪ್ಪು ರಟ್ಟಿನ ಕಡತ, ಅಲ್ಲಿಗೆ ಕೊಡಬೇಕು. ಅವರು ನೋಡಿ ಹೂಂ ಅಥವಾ ಊಹೂಂ ಅನ್ನುತ್ತಾರೆ. ನನ್ನ ಹೆಸರಿನಲ್ಲಿ ಬದುಕುವುದೋ ಗಂಡನ ಹೆಸರಿನ ಕೆಳಗೆ ಬದುಕುವುದೋ, ಎಲ್ಲ ಆ ಇಪ್ಪತ್ತು ಹಾಳೆಗಳ ಮೇಲೆ ನಿಂತಿತ್ತು.

ತಯಾರಿಗೆಂದು ಅಕ್ಟೋಬರ್‌ನಲ್ಲಿ ಕಾರ್ಲ್ಸ್‌ರುಹೆಯ ವಯಸ್ಕರ ಶಾಲೆಯ ಸಂಜೆ ತರಗತಿಗೆ ಸೇರಿದೆ. ಕಲಿಸುವವರು ಫ್ರಾವ್ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ಅರವತ್ತು ದಾಟಿದ, ಕತ್ತರಿಸಿದಂತೆ ಮಾತಾಡುವ ಹೆಂಗಸು. ಕೂದಲಿಗೆ ಸಿಕ್ಕಿಸಿದ ಪೆನ್ಸಿಲ್ಲನ್ನು ಕೋಣೆಯೆಲ್ಲ ಹುಡುಕುವುದು ಅವರ ಅಭ್ಯಾಸ. ಮಾಡೆಲ್ ಆಗಿ ನಿಲ್ಲುತ್ತಿದ್ದವಳು ಇಲ್ಜೆ, ಟ್ರಾಮ್ ಓಡಿಸಿ ನಿವೃತ್ತಳಾದವಳು, ಕುಳ್ಳಗೆ ದಪ್ಪಗೆ ಇದ್ದಳು. ಬಟ್ಟೆಯಿಲ್ಲದೆ ನಿಂತ ಅವಳನ್ನು ಮೊದಲ ದಿನ ನೋಡಲಾರದೆ ನಾನು ಹೀಟರಿನ ಚಿತ್ರ ಬರೆದೆ. ಎರಡನೇ ವಾರ ನಾಚಿಕೆ ಬಿಟ್ಟಿತು. ನನ್ನ ತಪ್ಪು ಆದದ್ದು ಆ ದಿನವೇ.

ಆ ತಪ್ಪನ್ನು ಬೇರೆ ಯಾರೂ ಮಾಡಲು ಸಾಧ್ಯವಿರಲಿಲ್ಲ. ನಮ್ಮದು ಗಣಪತಿ, ಶಾರದೆಯ ಮಣ್ಣಿನ ಮೂರ್ತಿ ಮಾಡುವ ಮನೆ. ಮೂರ್ತಿಯ ಅಳತೆ ತಾಳದ ಲೆಕ್ಕದಲ್ಲಿ: ಗಣಪತಿಗೆ ಐದು ತಾಳ, ದೇವಿಗೆ ಒಂಬತ್ತು. ಇದು ಮಗ್ಗಿಯ ಹಾಗೆ ನನಗೆ ಬಾಯಿಪಾಠ. ಆದರೆ ಮೈ ಕಟ್ಟುವುದು ಅಪ್ಪ ಮತ್ತು ಅಣ್ಣನ ಕೆಲಸ. ಸೀರೆಯ ಅಂಚು, ಆಭರಣ, ಬಣ್ಣ ಮಾತ್ರ ಹೆಂಗಸರ ಪಾಲು. ಅಳತೆಯ ಕೋಲನ್ನು ನಾನು ಮುಟ್ಟಿದವಳಲ್ಲ. ಫ್ರಾವ್ ಕೆಲ್ಲರ್ ಮನುಷ್ಯನ ಮೈಯನ್ನು ತಲೆಯ ಲೆಕ್ಕದಲ್ಲಿ ಅಳೆಯಬೇಕು ಎಂದಾಗ, ಓ ನಮ್ಮ ತಾಳವೇ ಇದು ಎಂದು ಖುಷಿಯಾಗಿ, ಹೆಂಗಸಲ್ಲವೇ ಎಂದು ಇಲ್ಜೆಗೆ ಒಂಬತ್ತು ತಲೆ ಕೊಟ್ಟುಬಿಟ್ಟೆ.

ಹಾಳೆಯ ಮೇಲೆ ಮೂಡಿದವಳು ಮುಗಿಯದಷ್ಟು ಉದ್ದದ ಹೆಂಗಸು. ಫ್ರಾವ್ ಕೆಲ್ಲರ್ ಪೆನ್ಸಿಲ್ ಹಿಡಿದು ಎಣಿಸಿದರು. ಮನುಷ್ಯ ಏಳೂವರೆ ತಲೆ, ಬಹಳವಾದರೆ ಎಂಟು, ಒಂಬತ್ತು ಯಾವ ಲೋಕದ್ದು ಎಂದು ಕೇಳಿದರು. ನಾನು ನಮ್ಮ ದೇವಿಯ ಅಳತೆ ಎಂದು ಎದೆ ಎತ್ತಿ ಹೇಳಿದೆ. ತರಗತಿ ನಕ್ಕಿತು. ಅವರು ನಗಲಿಲ್ಲ, ಇದು ದೇವಿಯಲ್ಲ, ಇಲ್ಜೆ, ಎಂದು ಮುಂದಿನವರ ಹಾಳೆಗೆ ಹೋದರು.

ಶನಿವಾರ ಕಾಲಿಂಗ್ ಕಾರ್ಡ್ ಹಾಕಿ ಅಪ್ಪನಿಗೆ ಫೋನ್ ಮಾಡಿದೆ. ನನ್ನ ಕಡೆ ನಿಂತು ಮಾತಾಡುತ್ತಾರೆ ಎಂದುಕೊಂಡಿದ್ದೆ. ಅಪ್ಪ ಎಲ್ಲವನ್ನೂ ಕೇಳಿ, ತಲೆಯ ನೆತ್ತಿಯಿಂದ ಅಳೆದದ್ದೋ ಎಂದು ವಿಚಾರಿಸಿದರು. ಹೌದು ಅಂದೆ.

"ತಾಳ ಅಂದ್ರೆ ಮುಖ ಮಾರಾಯ್ತಿ, ತಲೆ ಅಲ್ಲ. ಹಣೆಯ ಕೂದಲಿಂದ ಗಲ್ಲದವರೆಗೆ. ನೆತ್ತಿ ಲೆಕ್ಕಕ್ಕೆ ಬರೂದಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಎಂತ ನೋಡಿದ್ದು ನೀನು?"

ನಾನು ನೋಡಿದ ದೇವಿಯರಿಗೆಲ್ಲ ಕಿರೀಟವಿತ್ತು. ಕಿರೀಟದ ಕೆಳಗೆ ನೆತ್ತಿ ಎಲ್ಲಿ ಮುಗಿಯುತ್ತದೆ ಎಂದು ಯಾರು ಕೇಳುತ್ತಾರೆ? ಮುಖವನ್ನು ಅಳತೆಗೆ ಇಟ್ಟರೆ ನಮ್ಮ ದೇವಿಯೂ ಹೆಚ್ಚುಕಡಿಮೆ ಫ್ರಾವ್ ಕೆಲ್ಲರ್ ಹೇಳಿದ ಉದ್ದಕ್ಕೇ ಬಂದು ನಿಲ್ಲುತ್ತಾಳೆ. ಅಂದರೆ ನಾನು ಬರೆದ ಹೆಂಗಸು ಇಲ್ಲಿಯ ಲೆಕ್ಕಕ್ಕೂ ತಪ್ಪು, ಅಲ್ಲಿಯ ಲೆಕ್ಕಕ್ಕೂ ತಪ್ಪು. ಫೋನ್ ಇಟ್ಟು ಅವಮಾನದಿಂದ ಆ ಹಾಳೆಯನ್ನು ಹರಿಯಲು ತೆಗೆದೆ. ತೆಗೆದವಳು ನೋಡುತ್ತಾ ಕುಳಿತೆ. ಇಪ್ಪತ್ತು ನಿಮಿಷ ಅಲುಗಾಡದೆ ನಿಂತ ಇಲ್ಜೆ, ಮಂಡಿ ನೋವನ್ನು ತಡೆದುಕೊಂಡು ಗಲ್ಲ ಎತ್ತಿ ನಿಂತದ್ದು, ಆ ಹಟ, ಬೇರೆಯವರ ಏಳೂವರೆ ತಲೆಯ ಚಿತ್ರಗಳಲ್ಲಿ ಇರಲಿಲ್ಲ. ನನ್ನ ತಪ್ಪು ಚಿತ್ರದಲ್ಲಿ ಇತ್ತು. ಹರಿಯಲಿಲ್ಲ.

ನವೆಂಬರ್ ಪೂರ್ತಿ ಮಂಜು, ನಾಲ್ಕೂವರೆಗೇ ದೀಪ. ಫ್ರಾವ್ ಕೆಲ್ಲರ್ ಪ್ರೊಜೆಕ್ಟರಿನಲ್ಲಿ ಸ್ಲೈಡ್ ಹಾಕಿ ರೆನೆಸಾನ್ಸ್ ಕಾಲದ ಚಿತ್ರಗಳನ್ನು ತೋರಿಸಿದರು. ಇಟಲಿಯ ಆ ಗುರುಗಳು ಹೆಣ ಕೊಯ್ದು ಸ್ನಾಯು ಕಲಿತರು, ದಾರ ಎಳೆದು ದೂರ-ಹತ್ತಿರದ ಲೆಕ್ಕ ಕಲಿತರು. ಅವರ ಚಿತ್ರದಲ್ಲಿ ಮನುಷ್ಯ ನೆಲದ ಮೇಲೆ ಭಾರ ಬಿಟ್ಟು ನಿಂತ, ಹಿಂದಿನ ಕಂಬಗಳು ಸರಿಯಾಗಿ ಚಿಕ್ಕದಾಗುತ್ತಾ ಹೋದವು, ಎಲ್ಲ ತೂಗಿ ಇಟ್ಟಂತೆ. ಆಮೇಲೆ ಬಂದವರನ್ನು ಮ್ಯಾನರಿಸ್ಟರು ಎನ್ನುತ್ತಾರೆ ಅಂದರು. ಗುರುಗಳ ಕೈಚಳಕವನ್ನು ಎತ್ತಿಕೊಂಡು ಪ್ರಕೃತಿಯನ್ನು ಮರೆತವರು, ಮೈಯನ್ನು ಎಳೆದರು, ತಿರುಚಿದರು, ಬಣ್ಣವನ್ನು ಹುಳಿ ಮಾಡಿದರು, ಶಿಖರದಿಂದ ಇಳಿಜಾರು ಎಂದು ಹಳಬರು ಬೈಯುತ್ತಿದ್ದರು. ಈಗಿನವರು ಅಷ್ಟು ಬೈಯುವುದಿಲ್ಲ, ಆದರೂ ನನಗೆ ಶಿಖರವೇ ಇಷ್ಟ ಎಂದರು. ಇಳಿಜಾರಿನ ಸ್ಲೈಡ್‌ಗಳು ನಾಲ್ಕೇ. ನಾಲ್ಕರಲ್ಲೂ ನನ್ನ ಹೆಂಗಸು ನಿಂತಿದ್ದಳು.

ನಿಜವಾದದ್ದನ್ನು ನೋಡಬೇಕೆಂದು ಡಿಸೆಂಬರಿನ ಒಂದು ಶನಿವಾರ ಫ್ರಾಂಕ್‌ಫರ್ಟಿಗೆ ಹೊರಟೆ. ಒಬ್ಬಳೇ ಅಲ್ಲ. ಆಗ ನಿಧಾನದ ರೈಲುಗಳಲ್ಲಿ ಐದು ಜನ ಸೇರಿ ಒಂದೇ ವೀಕೆಂಡ್ ಟಿಕೆಟಿನಲ್ಲಿ ಹೋಗಬಹುದಿತ್ತು. ನಮ್ಮವರು ಐದು ಜನ ಆಗುವವರೆಗೆ ಎಲ್ಲಿಗೂ ಹೊರಡುತ್ತಿರಲಿಲ್ಲ. ಸುಧಾಕರ, ಅವರ ಜೊತೆ ಕೆಲಸ ಮಾಡುವ ಭಟ್ಕಳದ ಇಮ್ತಿಯಾಜ್, ಆಫೀಸಿನ ಇನ್ನಿಬ್ಬರು ಹುಡುಗರು. ಅವರಿಗೆ ಬೇಕಾದದ್ದು ಬಾನ್‌ಹೋಫ್, ಅಂದರೆ ರೈಲು ಸ್ಟೇಷನ್, ಹತ್ತಿರದ ಇಂಡಿಯನ್ ಅಂಗಡಿಯ ಕರಿಬೇವು, ಕುಚ್ಚಲಕ್ಕಿ. ನಾಲ್ಕು ಗಂಟೆಗೆ ಸ್ಟೇಷನ್ನಿನಲ್ಲಿ ಸೇರುವುದು ಎಂದು ಮಾತಾಯಿತು.

ಮ್ಯೂಸಿಯಮ್ಮಿನಲ್ಲಿ ಒಂದು ಕೋಣೆಯಲ್ಲಿ ರೆನೆಸಾನ್ಸಿನ ಒಬ್ಬ ಸಂತಳು, ಪಕ್ಕದ ಕೋಣೆಯಲ್ಲಿ ಈ ಹಸಿರು ಉಡುಪಿನವಳು. ಬರೆದವನ ಹೆಸರು ಗೊತ್ತಿಲ್ಲ, ಫ್ಲಾರೆನ್ಸಿನವನು ಎಂದಷ್ಟೇ ಚೀಟಿಯಲ್ಲಿತ್ತು. ಇಬ್ಬರ ನಡುವೆ ಹೆಚ್ಚೆಂದರೆ ಒಂದು ತಲೆಮಾರಿನ ಅಂತರ. ನಾನು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ ಹಿಡಿದು ಎಣಿಸಿದೆ. ಮೊದಲನೆಯವಳು ಏಳೂವರೆ ತಲೆ, ಒಂದು ಕೂದಲಿನಷ್ಟೂ ಹೆಚ್ಚಿಲ್ಲ. ಇವಳು ಒಂಬತ್ತು ದಾಟಿದ್ದಳು. ನಂಬಿಕೆಯಾಗದೆ ಇನ್ನಷ್ಟು ಹತ್ತಿರ ಹೋದಾಗ ಅಲಾರಂ ಕೂಗಿಕೊಂಡಿತು. ಕಾವಲಿನವನು ಓಡಿ ಬಂದು ಪೆನ್ಸಿಲ್ ಕಸಿದುಕೊಂಡ. ಅದರಿಂದ ಒಳ್ಳೆಯದೇ ಆಯಿತು. ಎಣಿಸುವುದನ್ನು ಬಿಟ್ಟು ಚಿತ್ರ ನೋಡಿದೆ.

ನೋಡಿದ್ದು ಅವಳ ಎಡಗೈಯನ್ನು. ಪುಸ್ತಕದ ಮೇಲೆ ಇಟ್ಟ ಕೈ. ಪ್ರತಿ ಗೆಣ್ಣು, ಪ್ರತಿ ಉಗುರು, ಚರ್ಮದ ಕೆಳಗೆ ಹರಿಯುವ ನೀಲಿ ನರ, ಒಂದೂ ತಪ್ಪಿರಲಿಲ್ಲ. ಈ ಕೈಯನ್ನು ಬರೆಯಬಲ್ಲವನಿಗೆ ಕುತ್ತಿಗೆ ಬರೆಯಲು ಬರುವುದಿಲ್ಲವೇ? ಅವನಿಗೆ ಬರುತ್ತಿತ್ತು. ಗುರುಗಳು ಸರಿಯಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿ ಹೋದಮೇಲೆ ಹುಟ್ಟಿದವನು ಅವನು. ಇನ್ನೊಂದು ಸರಿಯಾದ ಸಂತಳನ್ನು ಬರೆದು ಊಟ ಸಂಪಾದಿಸಬಹುದಿತ್ತು. ಅವರಿಂದ ಕಲಿತ ಅಳತೆಯನ್ನು ಕೈಯಲ್ಲಿ ಇಟ್ಟುಕೊಂಡೇ ಅವನು ಅದನ್ನು ಮೀರಿದ್ದ. ರೆನೆಸಾನ್ಸ್ ಇಲ್ಲದಿದ್ದರೆ ಇವಳು ಹುಟ್ಟುತ್ತಲೇ ಇರಲಿಲ್ಲ, ಅದರ ಮಾತು ಕೇಳಿಕೊಂಡಿದ್ದರೂ ಹುಟ್ಟುತ್ತಿರಲಿಲ್ಲ. ಇಳಿಜಾರಂತೆ! ನನಗೆ ಅಲ್ಲಿಯೇ ಸಿಟ್ಟು ಬಂತು, ಜೊತೆಗೆ ನಾಚಿಕೆಯೂ ಆಯಿತು. ಅವನು ತಿಳಿದು ಮಾಡಿದ್ದ. ನಾನು ತಿಳಿಯದೆ ಮಾಡಿದ್ದೆ.

ಸ್ಟೇಷನ್ ಮುಟ್ಟುವಾಗ ಐದೂಕಾಲು. ಟಿಕೆಟ್ ಒಂದೇ ಆದ್ದರಿಂದ ನಾಲ್ವರೂ ಅಕ್ಕಿ ಚೀಲಗಳ ಮೇಲೆ ಚಳಿಯಲ್ಲಿ ಕುಳಿತಿದ್ದರು, ರೈಲು ಹೋಗಿಯಾಗಿತ್ತು. ಸುಧಾಕರ ಗಡಿಯಾರ ತೋರಿಸಿ ಚೀಲ ಎತ್ತಿಕೊಂಡರು. ಮುಂದಿನ ರೈಲಿನಲ್ಲಿ ಮ್ಯಾನ್‌ಹೈಮ್ ಬರುವವರೆಗೆ ನಾನು ಒಂಬತ್ತು ತಲೆಯ ವಿಚಾರ ಹೇಳಿದೆ. ಇಮ್ತಿಯಾಜ್ ಕೇಳಿ ಕೇಳಿ, "ಭಾಬಿ, ನೀವು ಹೇಳೂದು ನನಗೆ ಅರ್ಥ ಆಯ್ತು. ಸ್ಪೆಸಿಫಿಕೇಶನ್ ಗೊತ್ತಿದ್ದವ ಬೇಕಂತ ಮೀರಿದ್ರೆ ಅದು ಡಿಸೈನ್. ಗೊತ್ತಿಲ್ಲದವ ಮೀರಿದ್ರೆ ಬಗ್," ಅಂದ. ಇಷ್ಟು ತಿಂಗಳಲ್ಲಿ ಕಂಪ್ಯೂಟರಿನವರು ಆಡಿದ ಒಂದು ಮಾತು ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಆ ಚಳಿಗಾಲ ಏಳೂವರೆ ತಲೆ ಕಲಿತೆ. ವಾರಕ್ಕೆ ಎರಡು ಸಂಜೆ ಇಲ್ಜೆಯನ್ನು, ಉಳಿದ ದಿನ ಕನ್ನಡಿಯಲ್ಲಿ ನನ್ನನ್ನೇ. ಕಿಟಕಿಯ ಹೊರಗೆ ಟ್ರಾಮಿನ ತಂತಿಗಳ ಮೇಲೆ ಹಿಮ ಕೂರುತ್ತಿತ್ತು, ಒಳಗೆ ಸಾರು ಕುದಿದು ಇಂಗುತ್ತಿತ್ತು, ನಾನು ಕಾಲಿನ ಮೂಳೆ ಬರೆಯುತ್ತಿದ್ದೆ. ಫೆಬ್ರವರಿಗೆ ಕಣ್ಣು ಮುಚ್ಚಿದರೂ ತಲೆ ಎಲ್ಲಿ, ಹೊಕ್ಕುಳ ಎಲ್ಲಿ ಎಂದು ಕೈಗೆ ತಿಳಿಯುತ್ತಿತ್ತು. ಫ್ರಾವ್ ಕೆಲ್ಲರ್ ಒಂದು ದಿನ ನನ್ನ ಹಾಳೆಯ ಮುಂದೆ ನಿಂತು, ಎಣಿಸದೆ, ತಲೆಯಾಡಿಸಿದರು. ಅವರ ಮಟ್ಟಿಗೆ ಅದು ಬಿರುದು ಕೊಟ್ಟ ಹಾಗೆ. ಮರುದಿನದಿಂದ ನಾನು ಮತ್ತೆ ಉದ್ದ ಬರೆಯಲು ತೊಡಗಿದೆ, ಈ ಸಲ ಬೇಕೆಂದೇ. ಎಲ್ಲಿ ಎಳೆಯಬೇಕು, ಎಲ್ಲಿ ಎಳೆಯಬಾರದು ಎಂದು ಯೋಚಿಸಿ, ಕೈಬೆರಳನ್ನು ನಿಜ ಬಿಟ್ಟು ಕದಲಿಸದೆ, ಕುತ್ತಿಗೆಯನ್ನು ಮಾತ್ರ ಅದು ಕೇಳಿದಷ್ಟು ಕೊಟ್ಟು.

ಇಲ್ಜೆ ಒಮ್ಮೆ ಅಂಗಿ ಹಾಕಿಕೊಳ್ಳುತ್ತಾ ಬಂದು ಎರಡು ಬಗೆಯ ಚಿತ್ರಗಳನ್ನೂ ನೋಡಿದಳು. ಸರಿಯಾದದ್ದನ್ನು ತೋರಿಸಿ ಇದು ನನ್ನ ತಂಗಿಯ ಹಾಗಿದೆ ಅಂದಳು. ಉದ್ದನೆಯದನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿ, ಇದನ್ನು ಯಾರಿಗೂ ಕೊಡಬೇಡ ಅಂದಳು.

ಮಾರ್ಚ್ ಕೊನೆಗೆ ಮಾಪೆ ಕಟ್ಟುವ ದಿನ ಬಂತು. ಹನ್ನೆರಡು ಸರಿಯಾದವು, ಇಪ್ಪತ್ತು ಉದ್ದನೆಯವು ನನ್ನ ಬಳಿ ಇದ್ದವು. ಫ್ರಾವ್ ಕೆಲ್ಲರ್ ಎಲ್ಲವನ್ನೂ ನೆಲದ ಮೇಲೆ ಹರಡಿಸಿದರು. ಹನ್ನೆರಡು ಸರಿಯಾದವು ಇರಲಿ, ಜೊತೆಗೆ ಹೂಜಿ, ಕುರ್ಚಿ, ಗಿಡ ಎಂಟು ಬರೆ, ಸೀಟು ಖಂಡಿತ ಅಂದರು. ಉದ್ದನೆಯವು ಒಂದೂ ಬೇಡ. ಒಳಗೆ ಕೂತವರು ಒಂದು ಮಾಪೆಗೆ ಎರಡು ನಿಮಿಷ ಕೊಡುತ್ತಾರೆ; ಭಾರತದಿಂದ ಬಂದ ಹೆಂಗಸು, ಮೈ ಬರೆಯಲು ಬರುವುದಿಲ್ಲ ಎಂದು ಮುಚ್ಚಿಡುತ್ತಾರೆ. ಪ್ರತಿ ಉದ್ದನೆಯದರ ಮುಂದೆ ಒಂದು ಸರಿಯಾದದ್ದು ಇಟ್ಟರೆ ನನಗೆ ಬರುತ್ತದೆ ಎಂದು ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಫ್ರಾಂಕ್‌ಫರ್ಟಿನ ಸಂತಳ ವಿಷಯ ಅವರಿಗೆ ಮೊದಲೇ ಹೇಳಿದ್ದೆ.

"ಆಗ ನೀನು ಕ್ಷಮೆ ಕೇಳಿದಂತಾಗುತ್ತದೆ. ಹಸಿರು ಉಡುಪಿನವಳ ಪಕ್ಕದಲ್ಲಿ ಅವನು ಸಾಕ್ಷಿಗೆ ಇನ್ನೊಬ್ಬಳನ್ನು ನಿಲ್ಲಿಸಿದ್ದನೇ?"

ಅವರು ಅದನ್ನು ನನ್ನ ಮನಸ್ಸು ಬದಲಿಸಲು ಹೇಳಿದ್ದು. ಹೇಳಿದ ಮೇಲೆ ಅವರ ಮುಖವೇ ಬದಲಾಯಿತು, ಯಾಕೆಂದರೆ ನಾನು ಬಗ್ಗಿ ಹನ್ನೆರಡು ಸರಿಯಾದ ಚಿತ್ರಗಳನ್ನು ನೆಲದಿಂದ ಎತ್ತಿ ಬದಿಗಿಟ್ಟೆ.

ಮನೆಯಲ್ಲಿ ರಾಮಾಯಣವಾಯಿತು. ಸುಧಾಕರರ ಕಂಪನಿ ಅಲುಗಾಡುತ್ತಿತ್ತು, ಎರಡು ಫ್ಲೋರ್ ಖಾಲಿಯಾಗಿತ್ತು. ಅವರ ಕೆಲಸ ಹೋದರೆ ಅವರ ಕಾರ್ಡು, ಅದರ ಹಿಂದೆ ನನ್ನ ಮುದ್ರೆ, ಎಲ್ಲ ಹೋಗುತ್ತದೆ. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಒಂದು ಸಲ ಫ್ರಾವ್ ಕೆಲ್ಲರ್ ಹೇಳಿದ ಹಾಗೆ ಮಾಡು, ಒಳಗೆ ಸೇರಿದ ಮೇಲೆ ಹತ್ತು ತಲೆ ಬೇಕಾದರೂ ಬರಿ ಎಂದರು. ಒಳಗೆ ಹೋಗಲಿಕ್ಕೆ ಒಮ್ಮೆ ಬಗ್ಗಿದ ಕೈ ಆಮೇಲೆ ನನ್ನ ಮಾತು ಕೇಳುತ್ತದೆ ಎಂದು ನಿಮಗೆ ಯಾರು ಹೇಳಿದ್ದು ಎಂದೆ. ಆ ಮಾತಿನಿಂದ ಅವರಿಗೆ ನೋವಾಯಿತು, ಯಾಕೆಂದರೆ ಅವರು ದಿನಾ ಆಫೀಸಿನಲ್ಲಿ ಬಗ್ಗಿಯೇ ನಮ್ಮಿಬ್ಬರ ಮನೆ ನಡೆಸುತ್ತಿದ್ದರು. ಅದು ಹೊಳೆದದ್ದು ನನಗೆ ಆಮೇಲೆ. ಆದರೂ ಏಪ್ರಿಲ್‌ನಲ್ಲಿ ಮಾಪೆಯ ಇನ್ನೊಂದು ತುದಿ ಹಿಡಿದು ಟ್ರಾಮ್ ಹತ್ತಿಸಿದವರು ಅವರೇ. ಒಳಗೆ ಇಪ್ಪತ್ತು ಹಾಳೆ, ಇಪ್ಪತ್ತೂ ಉದ್ದನೆಯ ಹೆಂಗಸರು.

ಜೂನ್‌ನಲ್ಲಿ ಪತ್ರ ಬಂತು. ಒಂದೇ ಪ್ಯಾರಾ, ಎಲ್ಲರಿಗೂ ಕಳಿಸುವಂಥದ್ದು. ಸೀಟಿಲ್ಲ, ಮಾಪೆಯನ್ನು ಇಂಥ ದಿನ ಬಂದು ತೆಗೆದುಕೊಂಡು ಹೋಗಿ ಎಂದು. ಅಡುಗೆಮನೆಯಲ್ಲಿ ನಿಂತು ಎರಡು ಸಲ ಓದಿ, ಅತ್ತೆ. ಅತ್ತಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅತ್ತೆ, ಮೂಗು ಕೆಂಪಾಗುವಷ್ಟು. ಸುಧಾಕರ ಬಂದು ಪತ್ರ ಓದಿ, ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತು ಆಡಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಮಾಪೆ ತರಲು ಒಬ್ಬಳೇ ಹೋದೆ. ಅಕಾಡೆಮಿಯ ಉದ್ದ ಕಾರಿಡಾರಿನಲ್ಲಿ ನೂರಾರು ಕಪ್ಪು ಕಡತಗಳು ಗೋಡೆಗೆ ಒರಗಿ ನಿಂತಿದ್ದವು. ಕೊನೆಯಲ್ಲಿ ಒಂದು ಮೇಜು, ಅದರ ಹಿಂದೆ ಕನ್ನಡಕ ಹಾಕಿದ ವಯಸ್ಸಾದ ಗುಮಾಸ್ತೆ. ನನ್ನದನ್ನು ಹುಡುಕಿ ಎಲ್ಲ ಇವೆಯೇ ಎಂದು ಅಲ್ಲೇ ಬಿಚ್ಚಿ ನೋಡಿದೆ. ಮೂರನೆಯ ಹಾಳೆ, ಇಲ್ಜೆ ಗಲ್ಲ ಎತ್ತಿ ನಿಂತದ್ದು. ಅವಳ ಎದೆಯ ಸ್ವಲ್ಪ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಏಳೂವರೆ ಎಂದು ಅಂಕಿ ಹಾಕಿದ್ದರು. ನೆತ್ತಿ ಇಲ್ಲಿರಬೇಕಿತ್ತು ಎಂದು.

ಬೇಡ ಅನ್ನುವುದು ಅವರ ಹಕ್ಕು. ಚಿತ್ರದ ಮೇಲೆ ಪೆನ್ಸಿಲ್ ಇಡಲು ಅವರಿಗೆ ಹಕ್ಕು ಕೊಟ್ಟವರು ಯಾರು? ಎಂಟನೇ ತರಗತಿಯ ಮಗುವಿನ ಹಾಳೆಯ ಮೇಲೂ ನಾನು ಕೇಳದೆ ಗೆರೆ ಎಳೆದವಳಲ್ಲ. ಕಾರಿಡಾರಿನ ನೆಲದ ಮೇಲೆ, ಹೋಗುವ ಬರುವವರ ಕಾಲ ಬಳಿಯಲ್ಲೇ ಕುಳಿತೆ. ಚೀಲದಿಂದ ರಬ್ಬರ್ ತೆಗೆದು, ಇಲ್ಜೆಯ ಮೈ ಕದಡದಂತೆ, ಆ ಗೆರೆಯನ್ನು ಮಾತ್ರ ಅಳಿಸಲು ಶುರುಮಾಡಿದೆ. ಗಟ್ಟಿಯಾಗಿ ಒತ್ತಿ ಎಳೆದಿದ್ದರು, ಬೇಗ ಹೋಗುತ್ತಿರಲಿಲ್ಲ. ಜನ ದಾಟಿಕೊಂಡು ಹೋದರು. ಗುಮಾಸ್ತೆ ಎದ್ದು ಬಂದು, ದಾರಿ ಕಟ್ಟುತ್ತಿದೆ, ಇದನ್ನು ಮನೆಯಲ್ಲಿ ಮಾಡಬಹುದಲ್ಲ ಎಂದರು.

"ಇಲ್ಲಿ ಎಳೆದದ್ದು. ಇಲ್ಲೇ ಅಳಿಸಿ ಹೋಗುತ್ತೇನೆ," ಅಂದೆ.

ಅವರು ನನ್ನ ಮುಖ ನೋಡಿದರು, ಹಾಳೆ ನೋಡಿದರು, ಹೋಗಿ ಕುರ್ಚಿಯಲ್ಲಿ ಕುಳಿತರು. ಗೆರೆ ಪೂರ್ತಿ ಹೋದಮೇಲೆ ನಾನು ಪುಡಿ ಊದಿ, ಕಡತ ಕಟ್ಟಿ, ಮೇಜಿನ ಬಳಿ ಹೋಗಿ ಪಟ್ಟಿಯಲ್ಲಿ ಸಹಿ ಮಾಡಿದೆ. ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ, ತಿದ್ದಿಕೊಂಡು ಎರಡನೇ ವರ್ಷ ಬಂದು ಸೇರಿದವರು ಎಷ್ಟೋ ಜನ ಇದ್ದಾರೆ ಎಂದು ಗುಮಾಸ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಥ್ಯಾಂಕ್ಸ್ ಹೇಳಿ, ಮುಂದಿನ ವರ್ಷದ ಅರ್ಜಿ ನಮೂನೆ ಈಗಲೇ ಸಿಗುತ್ತದೆಯೇ ಎಂದು ಕೇಳಿದೆ. ಸಿಕ್ಕಿತು.

ಮರುವರ್ಷ ಏಪ್ರಿಲ್‌ನಲ್ಲಿ ಅದೇ ಮೇಜಿನ ಮೇಲೆ ಅದೇ ಇಪ್ಪತ್ತು ಹೆಂಗಸರನ್ನು ಇಟ್ಟೆ.